ಹಕ್ಕುಪತ್ರವಿಲ್ಲದ ಮನೆ, ಲೆಕ್ಕಪುಸ್ತಕವಿರುವ ಸಂಘ: ಅಣಶಿಯಿಂದ ಮುಂಡಗೋಡದವರೆಗೆ ಸಮುದಾಯ ಅನುದಾನದ ಚರಿತ್ರೆ

ಸರ್ಕಾರಿ ಕಡತಗಳಲ್ಲಿ ಅನುದಾನ, ಸಾಲ ಮತ್ತು ಪರಿಹಾರ ಎಂಬ ಮೂರು ಪದಗಳು ಬೇರೆ ಬೇರೆ ಶೀರ್ಷಿಕೆಗಳ ಕೆಳಗೆ ಬರುತ್ತವೆ. ಮರಳಿಸಬೇಕಿಲ್ಲದಿದ್ದರೂ ನಿಗದಿಯಾದ ಉದ್ದೇಶಕ್ಕೇ ಖರ್ಚಾಗಬೇಕಾದ ಹಣ ಅನುದಾನ. ಬಡ್ಡಿಸಮೇತ ಮರಳಬೇಕಾದದ್ದು ಸಾಲ. ಒಬ್ಬನಿಂದ ತೆಗೆದುಕೊಂಡದ್ದಕ್ಕೆ ಬದಲಾಗಿ ಕೊಟ್ಟದ್ದು ಪರಿಹಾರ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಜೋಯಿಡಾ, ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಕಳೆದ ಆರು ದಶಕಗಳಿಂದ ಈ ಮೂರೂ ಬಗೆಯ ಹಣ ಬಂದಿದೆ. ಆದರೆ ಅದು ಬೇರೆ ಬೇರೆ ಇಲಾಖೆಗಳ ಮೂಲಕ, ಬೇರೆ ಬೇರೆ ಷರತ್ತುಗಳೊಂದಿಗೆ, ಹಲವು ವೇಳೆ ಒಂದಕ್ಕೊಂದು ಪರಿಚಯವೇ ಇಲ್ಲದಂತೆ ಬಂದಿದೆ. ಮನೆ ಕಟ್ಟಿಕೊಳ್ಳಲು ಬರುವ ಅನುದಾನ ಒಬ್ಬ ವ್ಯಕ್ತಿಯನ್ನೂ ಅವನ ಜಾಗದ ಕಾಗದವನ್ನೂ ಹುಡುಕಿಕೊಂಡು ಬರುತ್ತದೆ. ಬದುಕು ಕಟ್ಟಿಕೊಳ್ಳಲು ಬರುವ ಅನುದಾನ ಒಂದು ಗುಂಪನ್ನೂ ಅದರ ಲೆಕ್ಕಪುಸ್ತಕವನ್ನೂ ಹುಡುಕಿಕೊಂಡು ಬರುತ್ತದೆ. ಕಾಗದಕ್ಕೆ ಬೆಲೆ ಕೊಡುವ ಹರಿವು ಮತ್ತು ಪರಸ್ಪರ ನಂಬಿಕೆಗೆ ಬೆಲೆ ಕೊಡುವ ಹರಿವು ಈ ನಾಲ್ಕು ತಾಲ್ಲೂಕುಗಳಲ್ಲಿ ಅಕ್ಕಪಕ್ಕದಲ್ಲೇ ಹರಿದೂ ಒಂದಾಗದೆ ಉಳಿದದ್ದು ಹೇಗೆ ಎಂಬುದು ಈ ಲೇಖನದ ವಿಷಯ.

ಈ ಸೀಮೆಯಲ್ಲಿ ಜಾಗದ ಕಾಗದ ಅಷ್ಟು ದುರ್ಲಭವಾದದ್ದಕ್ಕೆ ಹಳೆಯ ಕಾರಣವಿದೆ. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಬಳಿಕ ಅರಣ್ಯ ಇಲಾಖೆಯ ಹಿಡಿತ ಬಿಗಿಯಾಗುತ್ತ ಹೋಯಿತು. ಗುಡ್ಡದ ಓರೆಯಲ್ಲಿ ಕಾಡನ್ನು ಕಡಿದು ಸುಟ್ಟು, ಕೆಲವು ವರ್ಷ ರಾಗಿ ಮೊದಲಾದವನ್ನು ಬೆಳೆದು, ಮತ್ತೆ ಬೀಳು ಬಿಡುವ ಕುಮರಿ ಬೇಸಾಯವನ್ನು ಆಡಳಿತವು ಮೊದಲು ಮಿತಿಗೊಳಿಸಿ ಆಮೇಲೆ ಬಹುಮಟ್ಟಿಗೆ ನಿಲ್ಲಿಸಿತು. ಸೂಪಾ ಸೀಮೆಯ, ಅಂದರೆ ಇಂದಿನ ಜೋಯಿಡಾದ, ಕುಣಬಿ ಸಮುದಾಯದವರಿಗೆ ಕುಮರಿಯೇ ಬೇಸಾಯವಾಗಿತ್ತು. ಜಾಗ ಬದಲಿಸುತ್ತ ಹೋಗುವ ಬೇಸಾಯಕ್ಕೆ ಸರ್ವೆ ನಂಬರು ಹೊಂದುವುದಿಲ್ಲವಾದ್ದರಿಂದ, ಭೂಮಾಪನದ ಕಾಲದಲ್ಲಿ ಅವರ ಬಹುಪಾಲು ನೆಲ ಅರಣ್ಯದ ಲೆಕ್ಕಕ್ಕೆ ಹೋಯಿತು ಮತ್ತು ಮಾಲ್ಕಿ, ಅಂದರೆ ಖಾಸಗಿ ಒಡೆತನದ ಜಮೀನು, ಕಣಿವೆಯ ಸಣ್ಣ ಗದ್ದೆಗಳಿಗೆ ಸೀಮಿತವಾಯಿತು. 1974ರ ಭೂಸುಧಾರಣೆ ತಿದ್ದುಪಡಿಯು ಹಳಿಯಾಳ, ಮುಂಡಗೋಡಗಳ ಬಯಲು ಗದ್ದೆಗಳ ಗೇಣಿದಾರರನ್ನು, ಫಾರ್ಮ್ 7 ಎಂಬ ಅರ್ಜಿಯ ಮೂಲಕ, ಜಮೀನಿನ ಒಡೆಯರನ್ನಾಗಿ ಮಾಡಿದ್ದು ನಿಜವಾದರೂ, ಆ ಕಾನೂನು ಕೈಯಿಟ್ಟದ್ದು ಒಡೆಯ ಮತ್ತು ಗೇಣಿದಾರರ ನಡುವಿನ ಸಂಬಂಧಕ್ಕೆ. ಅರಣ್ಯ ಇಲಾಖೆಯೇ ಒಡೆಯನಾಗಿರುವಲ್ಲಿ ಅದಕ್ಕೆ ಕೆಲಸವಿರಲಿಲ್ಲ.

ಸ್ವಾತಂತ್ರ್ಯಾನಂತರದ ಯೋಜನೆಗಳು ಇದೇ ನೆಲದ ಮೇಲೆ ಒಂದರ ಮೇಲೊಂದು ಬಂದವು. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಗಿ ದಾಂಡೇಲಿಯು ಬಿದಿರನ್ನು ಕಾಗದವಾಗಿಸುವ ಕಾರ್ಮಿಕರ ಪಟ್ಟಣವಾಯಿತು. 1956ರಲ್ಲಿ ದಾಂಡೇಲಿ ವನ್ಯಜೀವಿಧಾಮ ಘೋಷಣೆಯಾಯಿತು. ಕಾಳಿ ನದಿಯ ಜಲವಿದ್ಯುತ್ ಯೋಜನೆಯ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆಯ ಹಿನ್ನೀರಿನಲ್ಲಿ ತಾಲ್ಲೂಕಿನ ಕೇಂದ್ರವಾಗಿದ್ದ ಸೂಪಾ ಪಟ್ಟಣವೇ ಮುಳುಗಿ, ಕಚೇರಿಗಳು ಜೋಯಿಡಾಕ್ಕೂ, ಸಂತ್ರಸ್ತರ ಒಂದು ಭಾಗ ಅದೇ ತಾಲ್ಲೂಕಿನ ರಾಮನಗರಕ್ಕೂ ಸ್ಥಳಾಂತರಗೊಂಡವು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವೂ, 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶವೂ ಬಂದವು. ಎರಡನೆಯದರ ಹೆಸರು 2015ರಲ್ಲಿ ಕಾಳಿ ಎಂದು ಬದಲಾಯಿತು. ಈ ಪ್ರತಿಯೊಂದು ಹಂತದಲ್ಲೂ ಜನರಿಗೆ ಹಣ ಸಂದಿತು; ಅದು ಬಹುಪಾಲು ಪರಿಹಾರದ ರೂಪದಲ್ಲಿತ್ತು. ಪರಿಹಾರದ ಹಣವು ಹಿಂದೆ ಆದದ್ದನ್ನು ಮುಗಿಸಿಬಿಡುವ ಹಣವಾಗಿರುವುದರಿಂದ, ಅದನ್ನು ಪಡೆದವನ ರುಜುವಿನೊಂದಿಗೆ ಅವನ ಮತ್ತು ಸರ್ಕಾರದ ಸಂಬಂಧವೂ ಮುಗಿಯುತ್ತದೆ. ಅನುದಾನದ ಗುಣ ಬೇರೆ. ಅದಕ್ಕೆ ಬಳಕೆಯ ಪ್ರಮಾಣಪತ್ರ, ಮುಂದಿನ ಕಂತು, ತಪಾಸಣೆ ಎಲ್ಲವೂ ಬೇಕು, ಆದ್ದರಿಂದ ಅದನ್ನು ಪಡೆಯುವ ಕಡೆ ಯಾವುದೋ ಒಂದು ಸಂಸ್ಥೆ ಬಾಳಿ ಬದುಕಿರಬೇಕು. ಅಂಥ ಸಂಸ್ಥೆ ಈ ಸೀಮೆಯಲ್ಲಿ ಮೊದಲು ಸ್ಪಷ್ಟ ರೂಪ ಪಡೆದದ್ದು ಕಾಳಿ ಕಣಿವೆಯಲ್ಲಲ್ಲ, ಮುಂಡಗೋಡದಲ್ಲಿ. ಅದೂ ಸ್ಥಳೀಯರ ನಡುವೆಯಲ್ಲ, ಹಿಮಾಲಯದ ಆಚೆಯಿಂದ ಬಂದವರ ನಡುವೆ.

1966ರಲ್ಲಿ ಆರಂಭವಾದ ಮುಂಡಗೋಡದ ಡೋಗುಲಿಂಗ್ ಟಿಬೆಟನ್ ವಸಾಹತಿಗೆ ಆಗಿನ ಮೈಸೂರು ಸರ್ಕಾರವು ಸುಮಾರು 4000 ಎಕರೆ ನೆಲವನ್ನು ಒದಗಿಸಿತು. ಕಾಡು ಕಡಿದು ಹದಮಾಡಿದ ಆ ನೆಲದಲ್ಲಿ, ಇಂದಿಗೂ ಸ್ಥಳೀಯರು ಕ್ಯಾಂಪ್ ಎಂದೇ ಕರೆಯುವ, ಸಂಖ್ಯೆಗಳಿಂದ ಗುರುತಿಸಲ್ಪಡುವ ಹಳ್ಳಿಗಳು ಎದ್ದವು. ಡ್ರೆಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳು ಅಲ್ಲಿಯೇ ಮರುಹುಟ್ಟು ಪಡೆದವು. ವಸಾಹತಿನ ಒಳಾಡಳಿತಕ್ಕೆ ಒಬ್ಬ ಅಧಿಕಾರಿ, ಬಿತ್ತನೆ ಬೀಜ ಮತ್ತು ಮಾರಾಟಕ್ಕೆ ಒಂದು ಸಹಕಾರ ಸಂಘ, ಹೊರಗಿನ ನೆರವನ್ನು ಸ್ವೀಕರಿಸಿ ಲೆಕ್ಕ ಒಪ್ಪಿಸಲು ಒಂದು ಪರಿಹಾರ ಸಮಿತಿ, ಹೀಗೆ ನಿರಾಶ್ರಿತರ ಬಳಿ ನೆಲದ ಗುತ್ತಿಗೆಯೂ ಇತ್ತು, ಅನುದಾನ ಹಿಡಿದಿಡುವ ಪಾತ್ರೆಯೂ ಇತ್ತು. ಭಾರತ ಸರ್ಕಾರದ 2014ರ ಟಿಬೆಟನ್ ಪುನರ್ವಸತಿ ನೀತಿಯು ಗುತ್ತಿಗೆ ಪತ್ರಗಳ ಸ್ವರೂಪವನ್ನು ಏಕರೂಪಗೊಳಿಸಲು ರಾಜ್ಯಗಳಿಗೆ ಸೂಚಿಸಿದ್ದಲ್ಲದೆ, ಜನಕಲ್ಯಾಣ ಯೋಜನೆಗಳನ್ನು ನಿರಾಶ್ರಿತರಿಗೂ ವಿಸ್ತರಿಸುವಂತೆ ಹೇಳಿತು; 2015ರಲ್ಲಿ ಕೇಂದ್ರವು ಟಿಬೆಟನ್ ವಸಾಹತು ಕಚೇರಿಗಳ ಆಡಳಿತ ಮತ್ತು ಸಾಮಾಜಿಕ ಕಲ್ಯಾಣದ ವೆಚ್ಚಕ್ಕಾಗಿ ಐದು ವರ್ಷಗಳಿಗೆ 40 ಕೋಟಿ ರೂಪಾಯಿಗಳ ಅನುದಾನ ಮಂಜೂರು ಮಾಡಿತು. ನಿರಾಶ್ರಿತರು ಪಡೆದದ್ದು ಹೆಚ್ಚಾಯಿತೆಂದು ಇಲ್ಲಿ ಹೇಳುತ್ತಿಲ್ಲ. ಪರದೇಶದಲ್ಲಿ ಬದುಕು ಕಟ್ಟಿದವರ ಶ್ರಮಕ್ಕೆ ಆ ಹೊಲಗಳೇ ಸಾಕ್ಷಿ. ಗಮನಿಸಬೇಕಾದದ್ದು ಇಷ್ಟೇ: ಇಪ್ಪತ್ತನೆಯ ಶತಮಾನದಲ್ಲಿ ಬಂದವರಿಗೆ ಬೇಗ ಕೈಗೂಡಿದ ನೆಲದ ಕಾಗದ, ಅದೇ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಅಣಶಿಯ ಸುತ್ತಲಿನ ಮಜಿರೆಗಳಲ್ಲಿ, ಅಂದರೆ ಕಾಡಿನೊಳಗಿನ ಸಣ್ಣ ಜನವಸತಿಗಳಲ್ಲಿ, ತಲೆಮಾರುಗಳಿಂದ ಇದ್ದ ಅನೇಕರಿಗೆ ಕೈಗೂಡಲಿಲ್ಲ.

ರಾಜ್ಯದಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಸ್ವಯಂಸೇವಾ ಸಂಸ್ಥೆಯೊಂದು ಮುಂದೆ ಇಡೀ ದೇಶದ ಸಮುದಾಯ ಅನುದಾನದ ದಿಕ್ಕನ್ನೇ ತಿರುಗಿಸಿತು. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಮೈರಾಡ, ತನ್ನ ಮೊದಲ ದಶಕವನ್ನು ಆ ಕೆಲಸದಲ್ಲಿ ಕಳೆದು, 1970ರ ದಶಕದ ಕೊನೆಯ ಹೊತ್ತಿಗೆ ಸ್ಥಳೀಯ ಬಡವರತ್ತ ಹೊರಳಿತು. ವಸಾಹತುಗಳಲ್ಲಿ ಫಲಿಸಿದ್ದ ದೊಡ್ಡ ಸಹಕಾರ ಸಂಘದ ಮಾದರಿಯನ್ನು ಅದು ಹಳ್ಳಿಗಳಲ್ಲೂ ಪ್ರಯೋಗಿಸಿತು. ಅಲ್ಲಿ ಅದು ಫಲಿಸಲಿಲ್ಲ. ನೂರಾರು ಸದಸ್ಯರ ಸಂಘದಲ್ಲಿ ಅಧ್ಯಕ್ಷನ ಮೇಲೆ ನಂಬಿಕೆ ಹೋಗಿ, 1984-85ರ ಸುಮಾರಿಗೆ ಹಲವು ಸಂಘಗಳು ಒಡೆದಾಗ, ಸದಸ್ಯರು ಹತ್ತಿಪ್ಪತ್ತು ಮಂದಿಯ ಸಣ್ಣ ಗುಂಪುಗಳಾಗಿ ಸಂಸ್ಥೆಯ ಬಳಿ ಬಂದು, ಪಡೆದ ಸಾಲವನ್ನು ಸಂಘಕ್ಕೆ ತೀರಿಸಲು ಒಲ್ಲೆವು, ಬೇಕಾದರೆ ಮೈರಾಡಕ್ಕೇ ತೀರಿಸುತ್ತೇವೆ ಎಂದರು. ಆ ಹಣ ಮೈರಾಡದ್ದಲ್ಲವಾದ್ದರಿಂದ, ಅದನ್ನು ನಿಮ್ಮ ನಿಮ್ಮ ಗುಂಪಿಗೇ ತೀರಿಸಿ ಎಂಬ ಉತ್ತರ ಬಂದಿತು. ಆಡಳಿತದ ವೈಫಲ್ಯವೊಂದಕ್ಕೆ ಸಿಕ್ಕ ಈ ಉತ್ತರದಿಂದ ಸಾಲ ನಿರ್ವಹಣಾ ಗುಂಪು ಎಂಬ ಹೊಸ ಸಂಸ್ಥೆ ಹುಟ್ಟಿತು. 1986-87ರ ಹೊತ್ತಿಗೆ ಮೈರಾಡದ ಯೋಜನಾ ಪ್ರದೇಶಗಳಲ್ಲಿ ಅಂಥ ಸುಮಾರು 300 ಗುಂಪುಗಳಿದ್ದವು. ಈ ಗುಂಪುಗಳನ್ನು ಕಟ್ಟಿದ್ದು ಜಾತಿಯೊಂದೇ ಅಲ್ಲ, ಕಸುಬು, ನೆರೆಹೊರೆ, ಸಮಾನ ಕಷ್ಟಗಳಿಂದ ಮೊದಲೇ ಇದ್ದ ಪರಸ್ಪರ ನಂಬಿಕೆ ಎಂಬುದನ್ನು ಮೈರಾಡದ ಮುಖ್ಯಸ್ಥರಾಗಿದ್ದ ಅಲೋಶಿಯಸ್ ಫರ್ನಾಂಡಿಸ್ ಮತ್ತೆ ಮತ್ತೆ ಬರೆದು ಪ್ರತಿಪಾದಿಸಿದರು.

1987ರಲ್ಲಿ ನಬಾರ್ಡ್, ಅಂದರೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು, ಮೈರಾಡಕ್ಕೆ 10 ಲಕ್ಷ ರೂಪಾಯಿಗಳ ಅನುದಾನ ನೀಡಿತು. ಆ ಹಣ ಸದಸ್ಯರಿಗೆ ಹಂಚಲು ಬಂದದ್ದಲ್ಲ. ಗುಂಪುಗಳು ತಾವೇ ಕೂಡಿಸಿದ ಉಳಿತಾಯಕ್ಕೆ ಸಮನಾಗಿ ಸೇರಿಸಿ, ಅವು ಅದನ್ನು ಹೇಗೆ ನಿರ್ವಹಿಸುತ್ತವೆ ಎಂಬುದನ್ನು ನೋಡಲು ಬಂದದ್ದು. ಹಿಂದಿನ ಸರ್ಕಾರಿ ಯೋಜನೆಗಳಲ್ಲಿ ಎಮ್ಮೆ ಕೊಳ್ಳುವುದೋ ಹೊಲಿಗೆ ಯಂತ್ರ ಕೊಳ್ಳುವುದೋ ಎಂಬುದನ್ನು ಮೇಲಿನವರು ಮೊದಲೇ ತೀರ್ಮಾನಿಸಿ ಸಬ್ಸಿಡಿ ಕೊಡುತ್ತಿದ್ದರೆ, ಇಲ್ಲಿ ಮಗುವಿನ ಔಷಧಕ್ಕೂ, ಮಳೆಗಾಲದ ಅಕ್ಕಿಗೂ, ಮಾಡಿನ ಹೆಂಚಿಗೂ ಸಾಲ ಕೊಡಬಹುದೇ ಎಂಬ ತೀರ್ಮಾನ ಗುಂಪಿನದೇ ಆಯಿತು. ಆ ಪ್ರಯೋಗದ ಬಲದ ಮೇಲೆ 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ನೋಂದಣಿಯಿಲ್ಲದ ಗುಂಪುಗಳಿಗೂ ಸಾಲ ನೀಡುವಂತೆ ಬ್ಯಾಂಕುಗಳಿಗೆ ಸಲಹೆ ನೀಡಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಗುರಿಯೊಂದಿಗೆ ಸ್ವಸಹಾಯ ಗುಂಪು-ಬ್ಯಾಂಕ್ ಜೋಡಣೆ ಕಾರ್ಯಕ್ರಮವನ್ನು ಆರಂಭಿಸಿತು. ಮುಂದೆ ಇದೇ ಮಾದರಿ ದೇಶದುದ್ದಕ್ಕೂ ಹಬ್ಬಿದ್ದನ್ನು ನೆನೆದರೆ, ಭಾರತದ ಗ್ರಾಮೀಣ ಆರ್ಥಿಕತೆಯಲ್ಲಿ 10 ಲಕ್ಷ ರೂಪಾಯಿ ಇಷ್ಟು ದೂರ ಹೋದ ಉದಾಹರಣೆ ಮತ್ತೊಂದು ಸಿಗುವುದು ಕಷ್ಟ.

ಗುಂಪಿನ ಗಾತ್ರ 20ಕ್ಕೆ ನಿಂತದ್ದಕ್ಕೂ ಕಾರಣವಿದೆ. ಆಗಿನ ಕಂಪನಿ ಕಾನೂನಿನಂತೆ 20ಕ್ಕಿಂತ ಹೆಚ್ಚು ಮಂದಿ ಸೇರಿ ಲಾಭದ ವ್ಯವಹಾರ ನಡೆಸಬೇಕಾದರೆ ನೋಂದಣಿ ಕಡ್ಡಾಯವಾಗಿತ್ತು. ಅದನ್ನು ತಪ್ಪಿಸಿ ಸಂಖ್ಯೆಯನ್ನು ಮಿತಿಗೊಳಿಸಿದ್ದರಿಂದ, ಕಚೇರಿಯ ಮೆಟ್ಟಿಲು ಹತ್ತದೆಯೇ ಒಂದು ಸಂಸ್ಥೆ ಹುಟ್ಟಬಹುದಾಯಿತು. ಅದಕ್ಕೆ ಬೇಕಾದದ್ದು ವಾರದ ಸಭೆ, ನಿಯಮಿತ ಉಳಿತಾಯ, ಒಳಸಾಲ, ಸಕಾಲದ ಮರುಪಾವತಿ ಮತ್ತು ಅಂದಂದಿಗೇ ಬರೆದಿಟ್ಟ ಲೆಕ್ಕಪುಸ್ತಕ. ಈ ಐದನ್ನೇ ಈಗ ಪಂಚಸೂತ್ರ ಎನ್ನುತ್ತಾರೆ. ಕಾಳಿ ಕಣಿವೆಯ ದೃಷ್ಟಿಯಿಂದ ಇದರ ಮಹತ್ವ ದೊಡ್ಡದು. ಪಹಣಿ ಇಲ್ಲದವಳೂ, ಹಕ್ಕುಪತ್ರ ಇಲ್ಲದವಳೂ ಸದಸ್ಯಳಾಗಬಹುದಾದ, ನೆಲವನ್ನು ಅಡವಿಡದೆ ಬ್ಯಾಂಕಿನಲ್ಲಿ ಖಾತೆ ತೆರೆಯಬಹುದಾದ ಮೊದಲ ಸಂಸ್ಥೆ ಇದಾಗಿತ್ತು.

ರಾಜ್ಯ ಸರ್ಕಾರವು 2000-01ರಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರೇ ಗುಂಪುಗಳನ್ನು ಕಟ್ಟಿದರು. ಪ್ರತಿ ಗುಂಪಿಗೆ ಆರಂಭದಲ್ಲಿ 5000 ರೂಪಾಯಿಗಳ ಸುತ್ತುನಿಧಿ, ಅಂದರೆ ಒಬ್ಬರಿಂದ ಒಬ್ಬರಿಗೆ ಸಾಲವಾಗಿ ಸುತ್ತುತ್ತಲೇ ಇರಬೇಕಾದ ಅನುದಾನ, ದೊರೆಯುತ್ತಿತ್ತು. ಅದಕ್ಕೂ ಮೊದಲು, 1999ರ ಏಪ್ರಿಲ್‌ನಲ್ಲಿ ಕೇಂದ್ರವು ಆರಂಭಿಸಿದ್ದ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯು ಸುತ್ತುನಿಧಿಯ ಜೊತೆಗೆ ಸಬ್ಸಿಡಿಯನ್ನೂ ಕೊಡುತ್ತಿದ್ದುದರಿಂದ, ನಂಬಿಕೆಯಿಂದ ಹುಟ್ಟದೆ ಸಬ್ಸಿಡಿಗಾಗಿಯೇ ಹುಟ್ಟಿ, ಅದು ಕೈಸೇರಿದೊಡನೆ ಚದುರಿದ ಗುಂಪುಗಳು ದೇಶದ ಎಲ್ಲೆಡೆ ಕಂಡವು. ಅನುದಾನವು ಗುಂಪನ್ನು ಬೆಳೆಸಬಲ್ಲದು, ಹುಟ್ಟಿಸಲಾರದು ಎಂಬುದು ಆ ಯೋಜನೆ ಕಲಿಸಿದ ಪಾಠ. ಅದನ್ನು ಕಲಿಯಲು ಹನ್ನೆರಡು ವರ್ಷ ಬೇಕಾದವು. 2011ರಲ್ಲಿ ಅದರ ಜಾಗಕ್ಕೆ ಬಂದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವನ್ನು ಕರ್ನಾಟಕದಲ್ಲಿ ಸಂಜೀವಿನಿ ಎಂಬ ಹೆಸರಿನಿಂದ ನಡೆಸಲಾಗುತ್ತಿದ್ದು, ಇಲ್ಲಿ ವೈಯಕ್ತಿಕ ಬಂಡವಾಳ ಸಬ್ಸಿಡಿಯನ್ನು ಕೈಬಿಟ್ಟು, ಗುಂಪಿಗೆ ಆರಂಭದಲ್ಲಿ 10,000ದಿಂದ 15,000 ರೂಪಾಯಿಗಳ ಸುತ್ತುನಿಧಿಯನ್ನೂ, ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಮೂಲಕ ಸಮುದಾಯ ಬಂಡವಾಳ ನಿಧಿಯನ್ನೂ ನೀಡುವ ಕ್ರಮ ಬಂದಿತು. ಎರಡನೆಯದು ಸರ್ಕಾರದಿಂದ ಒಕ್ಕೂಟಕ್ಕೆ ಅನುದಾನ, ಒಕ್ಕೂಟದಿಂದ ಗುಂಪಿಗೆ ಸಾಲ. ಹೀಗೆ ಒಂದೇ ಹಣ ಮೇಲಿನ ಮೆಟ್ಟಿಲಲ್ಲಿ ಅನುದಾನವಾಗಿ, ಕೆಳಗಿನ ಮೆಟ್ಟಿಲಲ್ಲಿ ಸಾಲವಾಗಿ ಇಳಿಯುವುದರಿಂದ ಅದು ಊರಿನೊಳಗೇ ಉಳಿಯುತ್ತದೆ. ಸಾಮಾನ್ಯವಾಗಿ 10ರಿಂದ 20 ಸದಸ್ಯರಿರಬೇಕಾದ ಗುಂಪಿಗೆ ದುರ್ಗಮ ಪ್ರದೇಶಗಳಲ್ಲಿ 5 ಸದಸ್ಯರು ಸಾಕೆಂಬ ಸಡಿಲಿಕೆಯೂ ಈ ಅಭಿಯಾನದಲ್ಲಿದೆ. ಬಯಲುಸೀಮೆಯ ಓದುಗರಿಗೆ ಇದು ಸಣ್ಣ ವಿವರವೆನಿಸಬಹುದು. ಒಂದು ಮಜಿರೆ ಎಂದರೆ ಬೆರಳೆಣಿಕೆಯ ಮನೆಗಳು, ಮುಂದಿನ ಮಜಿರೆಗೆ ಕಾಡು ಹಾದು ನಡೆಯಬೇಕು ಎಂಬಂಥ ಅಣಶಿಯ ಸುತ್ತಮುತ್ತ, ಗುಂಪು ಇರುವುದೋ ಇಲ್ಲವೋ ಎಂಬುದನ್ನು ಈ ಸಂಖ್ಯೆಯೇ ತೀರ್ಮಾನಿಸುತ್ತದೆ.

ಮನೆಯ ಅನುದಾನದ ದಾರಿ ಬೇರೆಯದು. 1970ರ ದಶಕದಲ್ಲಿ ದೇವರಾಜ ಅರಸರ ಕಾಲದ ಜನತಾ ಮನೆಗಳು, 1985ರಿಂದ ಕೇಂದ್ರದ ಇಂದಿರಾ ಆವಾಸ್, 1991-92ರಿಂದ ರಾಜ್ಯದ ಆಶ್ರಯ, 2000ದಲ್ಲಿ ಈ ಎಲ್ಲವನ್ನೂ ನಿರ್ವಹಿಸಲು ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ್, 2016ರಿಂದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ, ಹೀಗೆ ಹೆಸರುಗಳು ಬದಲಾದರೂ ಒಳಗಿನ ರಚನೆ ಹೆಚ್ಚು ಬದಲಾಗಲಿಲ್ಲ. ಫಲಾನುಭವಿಯನ್ನು ಗ್ರಾಮಸಭೆ ಗುರುತಿಸುತ್ತದೆ. ತಳಪಾಯ, ಲಿಂಟಲ್, ಛಾವಣಿ ಎಂಬ ಹಂತಗಳ ಫೋಟೊ ಜಿಪಿಎಸ್ ಗುರುತಿನೊಡನೆ ಕಡತಕ್ಕೆ ಸೇರುತ್ತ ಹೋದಂತೆ ಕಂತುಗಳು ಬ್ಯಾಂಕ್ ಖಾತೆಗೆ ಬರುತ್ತವೆ. ಆವಾಸ್ ಯೋಜನೆಯಲ್ಲಿ ಘಟಕ ವೆಚ್ಚ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡು ಮತ್ತು ದುರ್ಗಮ ಪ್ರದೇಶಕ್ಕೆ 1.30 ಲಕ್ಷ ರೂಪಾಯಿ. ಜೊತೆಗೆ ಉದ್ಯೋಗ ಖಾತರಿಯ 90ರಿಂದ 95 ಮಾನವ ದಿನಗಳ ಕೂಲಿ ಮತ್ತು ಶೌಚಾಲಯಕ್ಕೆ 12,000 ರೂಪಾಯಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಗೋಡೆ ಒಣಗದ, ಜಲ್ಲಿ, ಸಿಮೆಂಟುಗಳನ್ನು ರಸ್ತೆ ಮುಗಿದಲ್ಲಿಂದ ತಲೆಯ ಮೇಲೆ ಹೊತ್ತೊಯ್ಯಬೇಕಾದ ಮಜಿರೆಗಳಲ್ಲಿ ಈ ಮೊತ್ತ ಎಷ್ಟರಮಟ್ಟಿಗೆ ಸಾಕು ಎಂಬ ಪ್ರಶ್ನೆ ಇದ್ದೇ ಇದೆ. ಆದರೆ ಅದಕ್ಕೂ ಮೊದಲಿನ ಪ್ರಶ್ನೆ ಜಾಗದ್ದು: ಕಡತದಲ್ಲಿ ಅರಣ್ಯವೆಂದಿರುವ ಜಾಗದಲ್ಲಿ ತಳಪಾಯ ತೆಗೆದರೆ, ಗ್ರಾಮ ಪಂಚಾಯಿತಿ ಫಲಾನುಭವಿ ಎಂದು ಬರೆದುಕೊಂಡವನನ್ನೇ ಇನ್ನೊಂದು ಇಲಾಖೆ ಅತಿಕ್ರಮಣದಾರನೆಂದು ಬರೆದುಕೊಳ್ಳಬಹುದು.

ರಾಜ್ಯ ಸರ್ಕಾರವು ಈ ತೊಡಕನ್ನು ಅರಿಯದೆ ಇರಲಿಲ್ಲ. ಭೂಸುಧಾರಣಾ ಕಾಯ್ದೆಗೆ 2016ರಲ್ಲಿ ಅಂಗೀಕಾರವಾದ ತಿದ್ದುಪಡಿಯು 38ಎ ಎಂಬ ಕಲಮನ್ನು ಸೇರಿಸಿ, ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಮಜರೆ, ಹಾಡಿ ಮೊದಲಾದ ದಾಖಲೆರಹಿತ ಜನವಸತಿಗಳಲ್ಲಿ ವಾಸಿಸುವವನೇ ಮನೆಯ ಒಡೆಯ ಎಂಬ ತತ್ವವನ್ನು ಒಪ್ಪಿಕೊಂಡಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ತಾಂಡಾಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿಕೆಯಾದದ್ದು ಇದರ ಫಲ. ಆದರೆ ಈ ಕಲಮು ಕೃಷಿ ಕಾರ್ಮಿಕರು ಖಾಸಗಿ ಜಮೀನಿನ ಮೇಲೆ ಕಟ್ಟಿಕೊಂಡ ವಸತಿಗಳಿಗೆ ಹೊಂದುವಂಥದ್ದು. ಮಜರೆ ಎಂಬ ಪದ ಕಾನೂನಿನೊಳಗೆ ಬಂದರೂ, ಅರಣ್ಯದೊಳಗಿನ ಮಜಿರೆ ಅದರ ಹೊರಗೇ ಉಳಿಯಿತು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು 1984ರಲ್ಲಿ ಆರಂಭಿಸಿದ, 1989ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಪಡೆದ ವಸತಿ ಕಾರ್ಯಕ್ರಮವನ್ನು ಇಲ್ಲಿ ಹೋಲಿಕೆಗೆ ನೋಡಬಹುದು. ಅಲ್ಲಿ ಸಾಲಕ್ಕೆ ಗುಂಪಿನ ಸಹಸದಸ್ಯೆಯರ ಭರವಸೆಯೂ, ಮನೆಯ ಜಾಗ ಮಹಿಳೆಯ ಹೆಸರಿನಲ್ಲೇ ಇರಬೇಕೆಂಬ ಷರತ್ತೂ ಒಟ್ಟಿಗೆ ಇದ್ದವು. ಗುಂಪಿನ ನಂಬಿಕೆ ಮತ್ತು ನೆಲದ ಕಾಗದ ಎರಡನ್ನೂ ಒಂದೇ ಅರ್ಜಿಯಲ್ಲಿ ಹೊಲಿದದ್ದು ಆ ಕಾರ್ಯಕ್ರಮದ ಹೆಚ್ಚುಗಾರಿಕೆ. ಗಂಡನ ಹೆಸರಿನ ಜಾಗವನ್ನು ಹೆಂಡತಿಗೆ ಬರೆಸುವುದು ಅಲ್ಲಿ ಸಾಧ್ಯವಾಯಿತು. ಯಾರ ಹೆಸರಿನಲ್ಲೂ ಇಲ್ಲದ ಜಾಗವನ್ನು ಬರೆಸುವುದು ಹೇಗೆ ಎಂಬುದು ಜೋಯಿಡಾದ ಪ್ರಶ್ನೆ.

ಇದಕ್ಕೆ ಉತ್ತರವೆಂದು ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಅರಣ್ಯಭೂಮಿಯಲ್ಲಿ ವಾಸ ಮತ್ತು ಸ್ವಂತ ಬೇಸಾಯಕ್ಕಾಗಿ ನೆಲವನ್ನು ಹೊಂದುವ ಹಕ್ಕನ್ನು ಅದು ಮಾನ್ಯಮಾಡಿತು. ನಾಲ್ಕು ಹೆಕ್ಟೇರ್ ಮಿತಿಯೊಳಗೆ, ಮಾರಲಾಗದ, ದಂಪತಿಗಳ ಜಂಟಿ ಹೆಸರಿನ ಹಕ್ಕು ಅದು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಹೀಗಾಗಿ ಮನೆಯ ಅನುದಾನದ ಪ್ರಶ್ನೆ ನೆಲದ ಪ್ರಶ್ನೆಯಾಗಿ, ನೆಲದ ಪ್ರಶ್ನೆ ಪಂಗಡದ ಪಟ್ಟಿಯ ಪ್ರಶ್ನೆಯಾಗಿ ಮಾರ್ಪಟ್ಟಿತು.

ಆ ಪಟ್ಟಿಯ ಕಥೆಯಲ್ಲಿ 2003ರ ಜನವರಿ ಮುಖ್ಯವಾದದ್ದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆದೇಶಗಳಿಗೆ ಆಗ ಜಾರಿಯಾದ ತಿದ್ದುಪಡಿ ಅಧಿನಿಯಮವು ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಕರ್ನಾಟಕದ ಪಟ್ಟಿಗೂ, ಕುಣಬಿ, ಗಾವಡಾ ಮತ್ತು ವೇಳಿಪ್ ಸಮುದಾಯಗಳನ್ನು ಗೋವಾದ ಪಟ್ಟಿಗೂ ಸೇರಿಸಿತು. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದ ಪೂರ್ವಿಕರ ವಂಶಜರಾಗಿ, ಹಿಂದೂ, ಕ್ರೈಸ್ತ, ಮುಸ್ಲಿಂ ಎಂಬ ಮೂರು ಮತಗಳಲ್ಲಿ ಹಂಚಿಹೋಗಿಯೂ 1980ರ ದಶಕದಿಂದ ಒಂದೇ ಅಭಿವೃದ್ಧಿ ಸಂಘದ ಕೆಳಗೆ ಒಗ್ಗೂಡಿ ಹೋರಾಡಿದ ಸಿದ್ದಿಗಳಿಗೆ ಇದು ದೊಡ್ಡ ಗೆಲುವು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಶಾಸಕಾಂಗ ಪ್ರವೇಶಿಸಿದ ಮೊದಲ ಸಿದ್ದಿಯಾದರು. ಅದೇ ಅಧಿನಿಯಮದಿಂದ ಗಡಿಯ ಆಚೆಯ ಕುಣಬಿ ಪರಿಶಿಷ್ಟ ಪಂಗಡದವನಾದ. ಗಡಿಯ ಈಚೆ, ಜೋಯಿಡಾದಲ್ಲಿರುವ ಕುಣಬಿಯ ಬೇಡಿಕೆ ಬೇಡಿಕೆಯಾಗಿಯೇ ಉಳಿಯಿತು. ಹಳಿಯಾಳ, ಮುಂಡಗೋಡಗಳ ದನಗಾಹಿ ಗೌಳಿಗಳ ಸ್ಥಿತಿಯೂ ಇದೇ. ಒಂದು ರಾಜ್ಯದ ಗಡಿರೇಖೆಯು 75 ವರ್ಷಗಳ ಸಾಕ್ಷ್ಯ ಯಾರು ತರಬೇಕು, ಯಾರು ತರಬೇಕಿಲ್ಲ ಎಂಬುದನ್ನು ನಿರ್ಧರಿಸಿದ್ದು ಹೀಗೆ. ಕುಮರಿ ಬೇಸಾಯಗಾರನಿಗೆ 1930ರ ಕಾಗದ ಎಲ್ಲಿಂದ ಬರಬೇಕು? ಕಾಯ್ದೆಯ ನಿಯಮಗಳು ಹಿರಿಯರ ಹೇಳಿಕೆಯನ್ನೂ, ಹಳೆಯ ಮನೆ, ಬಾವಿ, ಸ್ಮಶಾನಗಳಂಥ ಭೌತಿಕ ಗುರುತುಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಆದರೆ ಕಾಗದವನ್ನೇ ನೋಡಿ ಅಭ್ಯಾಸವಾದ ಆಡಳಿತಕ್ಕೆ ಬಾವಿಯನ್ನು ಓದುವ ಅಭ್ಯಾಸ ಸುಲಭವಾಗಿ ಬರುವುದಿಲ್ಲ.

ಪಟ್ಟಿಯೊಳಗಿದ್ದರೂ ಮೆಟ್ಟಿಲುಗಳಿವೆ. 2023ರ ನವೆಂಬರ್ 15ರಂದು ಆರಂಭವಾದ ಪ್ರಧಾನ ಮಂತ್ರಿ ಜನಮನ್ ಅಭಿಯಾನವು ಪ್ರತಿ ಮನೆಗೆ 2.39 ಲಕ್ಷ ರೂಪಾಯಿಗಳ ವೆಚ್ಚವನ್ನು ನಿಗದಿಪಡಿಸಿದೆ. ಆದರೆ ಅದು ದುರ್ಬಲ ಬುಡಕಟ್ಟುಗಳೆಂದು ವಿಶೇಷವಾಗಿ ಗುರುತಿಸಲಾದ 75 ಸಮುದಾಯಗಳಿಗೆ ಮಾತ್ರ, ಕರ್ನಾಟಕದಲ್ಲಿ ಜೇನುಕುರುಬ ಮತ್ತು ಕೊರಗರಿಗೆ. ಸಿದ್ದಿಗಳು ಆ ಒಳಪಟ್ಟಿಯಲ್ಲಿಲ್ಲ.

ಗುಂಪುಗಳಿಗೆ ಬಂದ ಇತರ ನೆರವುಗಳನ್ನು ಸಂಕ್ಷೇಪವಾಗಿ ಹೇಳಬಹುದು. ಬ್ರಿಟಿಷ್ ಸರ್ಕಾರದ ಅಭಿವೃದ್ಧಿ ನೆರವಿನಿಂದ 1990ರ ದಶಕದಲ್ಲಿ ನಡೆದ ಪಶ್ಚಿಮಘಟ್ಟ ಅರಣ್ಯ ಯೋಜನೆಗೆ ಉತ್ತರ ಕನ್ನಡವೇ ಮೊದಲ ಕ್ಷೇತ್ರವಾಗಿತ್ತು. 1993ರ ಏಪ್ರಿಲ್‌ನ ರಾಜ್ಯ ಆದೇಶದಂತೆ ಗ್ರಾಮ ಅರಣ್ಯ ಸಮಿತಿಗಳು ರಚನೆಯಾಗಿ, ನೆಡುತೋಪಿನ ಆದಾಯದಲ್ಲಿ ಪಾಲು ಪಡೆಯುವ ಅವಕಾಶ ಬಂದಿತು. ಆದರೆ ಮೂಲ ಆದೇಶವು ಶೇಕಡ 25ಕ್ಕಿಂತ ಕಡಿಮೆ ಹೊದಿಕೆಯುಳ್ಳ ಬೋಳು ಕಾಡಿಗೆ ಮಾತ್ರ ಅನ್ವಯಿಸುತ್ತಿದ್ದುದರಿಂದ, ಕಾಡನ್ನು ದಟ್ಟವಾಗಿ ಉಳಿಸಿಕೊಂಡ ಊರಿಗೆ ಪಾಲಿನ ಅವಕಾಶ ಕಡಿಮೆಯಾಗಿ, ಕಳೆದುಕೊಂಡ ಊರಿಗೆ ಹೆಚ್ಚಾದದ್ದು ಆ ಕಾಲದ ವಿಚಿತ್ರಗಳಲ್ಲೊಂದು. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ಮತ್ತು ದೇಶಪಾಂಡೆ ಟ್ರಸ್ಟಿನ ಸಹಭಾಗಿತ್ವದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ, ಊಟ-ವಸತಿ ಸಹಿತ ಉಚಿತ ತರಬೇತಿ ನೀಡುತ್ತದೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಮಾದರಿಯೇ ಇದರ ಮೂಲ. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯುವ ಕೌದಿಗೆ 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಸಹಕಾರಿ ಸಂಘಟನೆಯೊಂದು ಹುಟ್ಟಿ, ಮನೆಯೊಳಗಿನ ಹೊದಿಕೆಯು ಹೊರಗಿನ ಪ್ರದರ್ಶನಗಳಿಗೂ ಮಾರುಕಟ್ಟೆಗೂ ಹೋಯಿತು. ನಾಲ್ಕು ಮೂಲೆಗಳಲ್ಲಿ ಹೂವಿನಂತೆ ಮಡಚಿ ಹೊಲಿದ ಬಟ್ಟೆಯ ತುಂಡುಗಳಿಲ್ಲದೆ ಕೌದಿ ಪೂರ್ಣವಾಗುವುದಿಲ್ಲ ಎಂಬ ಹೊಲಿಗೆಗಾತಿಯರ ನಿಯಮವನ್ನು ಯಾವ ಅನುದಾನದ ಮಾರ್ಗಸೂಚಿಯೂ ಕಲಿಸಿದ್ದಲ್ಲ.

ಇಂದು ಅಣಶಿಯ ಸುತ್ತ ಎಲ್ಲಕ್ಕಿಂತ ದೊಡ್ಡ ಮೊತ್ತದ ಹಣ ಸ್ವಯಂಪ್ರೇರಿತ ಪುನರ್ವಸತಿಯ ಹೆಸರಿನಲ್ಲಿದೆ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು 2008ರಲ್ಲಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಎಂದು ನಿಗದಿಪಡಿಸಿದ್ದ ಪ್ಯಾಕೇಜು 2021ರಲ್ಲಿ 15 ಲಕ್ಷಕ್ಕೆ ಏರಿತು. 18 ವರ್ಷ ತುಂಬಿದ ಮಗ ಮತ್ತು ಅವಿವಾಹಿತ ಮಗಳನ್ನು ಪ್ರತ್ಯೇಕ ಕುಟುಂಬವೆಂದು ಎಣಿಸಲಾಗುತ್ತದೆ, ಮತ್ತು ಕಾನೂನಿನಂತೆ ಗ್ರಾಮಸಭೆಯ ಒಪ್ಪಿಗೆ ಬೇಕು. ಪ್ಯಾಕೇಜಿನಲ್ಲಿ ಎರಡು ಆಯ್ಕೆಗಳಿವೆ. ಎರಡನೆಯದರಲ್ಲಿ ಇಲಾಖೆಯೇ ಹೊಸ ಊರನ್ನು ಕಟ್ಟಿಕೊಡಬೇಕು. ಅದರ ಲೆಕ್ಕ ಬಿಡಿಸಿ ಬರೆದಂತೆ ಶೇಕಡ 35 ಎರಡು ಹೆಕ್ಟೇರ್ ಕೃಷಿಭೂಮಿಗೆ, 30 ಹಕ್ಕುಗಳ ಇತ್ಯರ್ಥಕ್ಕೆ, 20 ಮನೆ ಜಾಗ ಮತ್ತು ಮನೆಗೆ, 5 ಪ್ರೋತ್ಸಾಹಧನಕ್ಕೆ, ಉಳಿದ 10 ರಸ್ತೆ, ನೀರು, ವಿದ್ಯುತ್, ಸಮುದಾಯ ಭವನ, ದೇವಸ್ಥಾನ, ಸ್ಮಶಾನಗಳಂಥ ಊರೊಟ್ಟಿನ ಸೌಕರ್ಯಗಳಿಗೆ. ಮೊದಲನೆಯ ಆಯ್ಕೆಯಲ್ಲಿ ಇಡೀ ಮೊತ್ತವನ್ನು ಹಣವಾಗಿ ಪಡೆದು ಕುಟುಂಬವು ತನಗೆ ಬೇಕಾದೆಡೆ ಹೋಗಬಹುದು. ಆಗ ಶೇಕಡ 10ರ ಊರೊಟ್ಟಿನ ಪಾಲಿಗೆ ಊರೇ ಇರುವುದಿಲ್ಲ. ಒಬ್ಬರು ಜೋಯಿಡಾದ ಪೇಟೆಗೆ, ಇನ್ನೊಬ್ಬರು ರಾಮನಗರಕ್ಕೆ, ಮತ್ತೊಬ್ಬರು ದಾಂಡೇಲಿಯ ಬಾಡಿಗೆ ಮನೆಗೆ ಹೊರಟಾಗ, ಮಜಿರೆಯ ಐದು ಹೆಂಗಸರ ಗುಂಪು ಕೊನೆಯ ಸಭೆ ಸೇರಿ, ಬಾಕಿ ಒಳಸಾಲಗಳನ್ನು ವಸೂಲು ಮಾಡಿ, ಉಳಿತಾಯವನ್ನು ಪಾಲು ಹಾಕಿ, ಪುಸ್ತಕ ಮುಚ್ಚಬೇಕಾಗುತ್ತದೆ. ಹಕ್ಕುಗಳ ಇತ್ಯರ್ಥಕ್ಕೆಂದು ಇರುವ ಶೇಕಡ 30ರಲ್ಲಿ ಗದ್ದೆ, ಮನೆ, ಮರಗಳು ಸೇರುತ್ತವೆ. ಆ ಪುಸ್ತಕಕ್ಕೆ ಅಲ್ಲಿ ಬಾಬತ್ತು ಇಲ್ಲ.